ಕ್ಯಾಮೆರಾಕ್ಕೆ ಕಾಣದ ನೀಲಿ

ದೊಡ್ಡಣ್ಣ ನಮಗ್ಯಾರಿಗೂ ಅಣ್ಣನಲ್ಲ. ನಾವು ಕದ್ದುಮುಚ್ಚಿ ಹೊರಡಿಸುತ್ತಿದ್ದ ಕಾಮಿಕ್ ಚಿತ್ರಕಥೆಗಳ ಸಂಕಲನಕ್ಕೆ ಅವನು ಸಂಪಾದಕ, ಅದಕ್ಕೇ ಎಲ್ಲರೂ ಹಾಗೆ ಕರೆಯುತ್ತಿದ್ದರು. ಆಳುವವರನ್ನು ಗೇಲಿ ಮಾಡಿದರೆ ಮನೆಗೆ ಜೀಪು ಬರುತ್ತಿದ್ದ ಕಾಲ ಅದು. ರಸೀದಿ ಪುಸ್ತಕ, ಲೇಬಲ್ಲು ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ವಾರದ ರಜೆಯ ದಿನ ಬಾಗಿಲು ಎಳೆದುಕೊಂಡು ಕೂರುತ್ತಿದ್ದೆವು. ಮೇಲೆ ಹೊಲಿಗೆ ಕಲಿಸುವ ಪುಸ್ತಕದ ರಟ್ಟು, ಒಳಗೆ ನಮ್ಮ ಕಿತಾಪತಿ. ಜನ ಮುಗಿಬಿದ್ದು ಓದುತ್ತಿದ್ದದ್ದು 'ಮೂಗಯ್ಯ'ನ ಕಥೆ. ಕಂಡವರ ಮನೆಯಲ್ಲೆಲ್ಲ ಮೂಗು ತೂರಿಸುವ ಅಧಿಕಾರಿ ಆತ. ಯಾರೂ ಸ್ವಂತ ಹೆಸರು ಹಾಕುತ್ತಿರಲಿಲ್ಲವಾದ್ದರಿಂದ ಅದರ ಕೆಳಗೆ 'ಸೊಳ್ಳೆ' ಎಂಬ ಸಹಿ ಇರುತ್ತಿತ್ತು.

ಸೊಳ್ಳೆ ಅಂದರೆ ನನ್ನ ಅಕ್ಕ. ಅವಳು ಚಿತ್ರ ಬರೆಯುತ್ತಿದ್ದಳು, ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳೊಳಗಿನ ಮಾತುಗಳನ್ನು ನಾನು ಬರೆಯುತ್ತಿದ್ದೆ. ಈ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮತ್ತು ದೊಡ್ಡಣ್ಣನಿಗೆ ಮಾತ್ರ.

ಕಾಲ ಬದಲಾಯಿತು. ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದ ಸಂಚಿಕೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಹಾಗಾಯಿತು. ಸೊಳ್ಳೆ ಯಾರು, ಸೊಳ್ಳೆ ಯಾರು ಎಂದು ಪತ್ರಿಕೆಯವರು ಹುಡುಕಾಡತೊಡಗಿದರು. ಆ ಹೊತ್ತಿಗೆ ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಮಾತೂ ಒಂದೊಂದೇ ಶಬ್ದವಾಗಿ ಬರುತ್ತಿತ್ತು. ದೊಡ್ಡಣ್ಣ ಟೀವಿಯಲ್ಲಿ ಕೂತು, ನಾಚಿಕೊಂಡವನ ಹಾಗೆ ತಲೆ ತಗ್ಗಿಸಿ, "ಆ ಸೊಳ್ಳೆ ನಾನೇ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕೈಯಲ್ಲಿ ಸಾಕ್ಷಿ ಇರಲಿಲ್ಲ, ಮೂಲಪ್ರತಿಗಳೆಲ್ಲ ಅವನ ಬೀರುವಿನಲ್ಲಿದ್ದವು. ಅಕ್ಕ ಟೀವಿ ಆರಿಸು ಎಂದು ಸನ್ನೆ ಮಾಡಿದಳು, ಅಷ್ಟೇ.

ಎರಡು ವರ್ಷದ ಮೇಲೆ ಅವನೇ ಆ ಮೂಲಪ್ರತಿಗಳ ಕಟ್ಟು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಮೂಗಯ್ಯನ ಕಥೆಗಳೆಲ್ಲ ಸೇರಿ ದಪ್ಪ ಪುಸ್ತಕವಾಗುತ್ತದಂತೆ. ಅಚ್ಚಿಗೆ ಪುಟ ಜೋಡಿಸಿಕೊಡುವುದು ನನ್ನದೇ ಕಸುಬಾದ್ದರಿಂದ ನಾನೇ ಮಾಡಿಕೊಡಬೇಕಂತೆ.

"ಹೆಸರಿನ ವಿಷಯ ಮನಸ್ಸಿಗೆ ಹಚ್ಕೋಬೇಡ ಕಣಮ್ಮ. ನಿಮ್ಮಕ್ಕನಿಗೆ ಈಗ ಏನು ತಿಳಿಯುತ್ತೆ, ಪಾಪ," ಅಂದ.

ಅಕ್ಕ ಪಕ್ಕದ ಕೋಣೆಯಲ್ಲೇ ಇದ್ದಳು. ಬಾಗಿಲು ತೆರೆದಿತ್ತು. ಅವನು ಹೋದ ಮೇಲೆ ಇಣುಕಿ ನೋಡಿದೆ. ಎಡಗೈಯಲ್ಲಿ ಹೊದಿಕೆಯ ಅಂಚನ್ನು ಹಿಂಡುತ್ತಿದ್ದಳು. ಕ್ಷಮಿಸಿಬಿಡೋಣ ಎಂಬ ದೊಡ್ಡ ಮನಸ್ಸು ನನಗೆ ಎಂದೂ ಇರಲಿಲ್ಲ. ಇದ್ದ ಚೂರುಪಾರು ಅವತ್ತು ಹೋಯಿತು.

ಕಟ್ಟು ಬಿಚ್ಚಿದೆ. ಪುಟಪುಟದ ಅಂಚಿನಲ್ಲೂ ತಿಳಿನೀಲಿ ಪೆನ್ಸಿಲ್ಲಿನ ಅಕ್ಕನ ಪುಟ್ಟ ಅಕ್ಷರಗಳಿದ್ದವು. ಹಿಂದೆ ಚಿತ್ರದ ಪುಟವನ್ನು ದೊಡ್ಡ ಕ್ಯಾಮೆರಾದಲ್ಲಿ ಫೋಟೋ ತೆಗೆದು ಅಚ್ಚಿಗೆ ಕಳಿಸುತ್ತಿದ್ದರು. ಆ ಫಿಲ್ಮಿಗೆ ತಿಳಿನೀಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಕಚ್ಚಾ ಗೆರೆಗಳನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತನ್ನೂ ನೀಲಿಯಲ್ಲಿ ಬರೆದು ಹಾಗೇ ಬಿಡುತ್ತಿದ್ದೆವು. ಅಳಿಸುವ ತಾಪತ್ರಯವಿಲ್ಲ. ನಮ್ಮ ಕಸುಬಿನಲ್ಲಿ ನೀಲಿಯನ್ನು ಯಾರೂ ಓದುವುದಿಲ್ಲ, ಸಂಪಾದಕನಂತೂ ಮೊದಲೇ ಓದುವುದಿಲ್ಲ.

"ತಂಗಿ, ಈ ಗುಳ್ಳೆ ಚಿಕ್ಕದು, ಮಾತು ಕಡಿಮೆ ಮಾಡು." "ತಂಗಿ, ನಗುತ್ತಾ ಬರೆಯಬೇಡ, ಅಕ್ಷರ ಸೊಟ್ಟ ಆಗ್ತಿದೆ." ಹನ್ನೊಂದನೇ ಪುಟದಲ್ಲಿ ಇದು: "ತಂಗಿ, ಮೂಗಯ್ಯನಿಗೆ ದೊಡ್ಡಣ್ಣನ ಮೂಗು ಈ ಸಲ ಸರಿಯಾಗಿ ಬಂತಾ? ಮೀಟಿಂಗಲ್ಲಿ ಪಕ್ಕದಲ್ಲೇ ಕೂತು ನೋಡಿಕೊಂಡೆ. ಅವನಿಗೆ ಹೇಳಬೇಡ. ಅಕ್ಕ."

ಫೋಟೋ ತೆಗೆದು ಪತ್ರಿಕೆಗೆ ಕೊಟ್ಟಿದ್ದರೆ ಕೆಲಸ ಆಗುತ್ತಿತ್ತು. ನನಗೆ ಅಷ್ಟು ಸಾಲದು. ಅವನೇ ಅಚ್ಚು ಹಾಕಿಸಬೇಕು, ಅವನೇ ಬಿಡುಗಡೆ ಮಾಡಬೇಕು.

ಮಾರನೇ ವಾರ ಅವನು ನಮ್ಮ ಆಫೀಸಿಗೆ ಬಂದ. ಪುಟಗಳು ಇದ್ದದ್ದು ಇದ್ದ ಹಾಗೇ ಬಣ್ಣದಲ್ಲಿ ಬರಲಿ, ಹಳದಿಗಟ್ಟಿದ ಕಾಗದ, ಚಹಾದ ಕಲೆ ಎಲ್ಲ ಕಾಣಲಿ ಅಂದ. ನಮ್ಮ ಮಾಲೀಕರ ಎದುರಿಗೇ ಕೇಳಿದೆ:

"ನೀಲಿ ಅಳಿಸಬೇಕಾ ದೊಡ್ಡಣ್ಣ?"

"ನೀಲಿ ಕ್ಯಾಮೆರಾಕ್ಕೆ ಕಾಣಲ್ಲ. ಅಷ್ಟೂ ಮರೆತುಬಿಟ್ಯಾ?"

"ಈಗ ಸ್ಕ್ಯಾನರ್ರು. ಇನ್ನೊಂದು ಸಲ ಯೋಚನೆ ಮಾಡಿ."

"ನಂಗೇ ಕಸುಬು ಹೇಳ್ಕೊಡ್ತೀಯಾ? ಸುಮ್ನೆ ಕೆಲಸ ನೋಡು."

ಸುಮ್ಮನೆ ಕೆಲಸ ನೋಡಿದೆ. ಪುಟಗಳ ಕ್ರಮ ನೋಡಲು ಅವನಿಗೆ ಕಪ್ಪು-ಬಿಳುಪಿನ ಪ್ರತಿ ಕೊಟ್ಟೆ, ಅದೂ ನೀಲಿ ಮಾಯವಾಗುವ ಹಾಗೆ ಮಾಡಿ. ಇದು ಮೋಸವೇ. ನನಗೆ ಒಂದಿಷ್ಟೂ ಬೇಜಾರಿಲ್ಲ. ಅಚ್ಚಿಗೆ ಹೋದ ಪ್ರತಿಯಲ್ಲಿ ಮಾತ್ರ ನೀಲಿಯನ್ನು ಇನ್ನೊಂಚೂರು ಗಾಢ ಮಾಡಿದೆ. ಓದುವವರ ಕಣ್ಣಿಗೆ ತೊಂದರೆ ಆಗಬಾರದಲ್ಲ.

ಬಿಡುಗಡೆ ಒಂದು ಗ್ರಂಥಾಲಯದ ಸಭಾಂಗಣದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದು ಮೊದಲ ಸಾಲಿನ ಪಕ್ಕದಲ್ಲಿ ಕೂರಿಸಿದೆ. ಅವಳಿಗೆ ಎಲ್ಲ ಹೇಳಿದ್ದೆ. ದೊಡ್ಡಣ್ಣ ವೇದಿಕೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹರಿದು ಪುಸ್ತಕ ಎತ್ತಿ ಹಿಡಿದ. ಚಪ್ಪಾಳೆ ಬಿತ್ತು. ಜನ ಹಂಚಿದ ಪ್ರತಿಗಳ ಪುಟ ತಿರುವುತ್ತಾ ಅವನ ಭಾಷಣ ಕೇಳತೊಡಗಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು. ಕನ್ನಡಕದ ಹೆಂಗಸೊಬ್ಬರು ಎದ್ದು ನಿಂತರು.

"ಸಾರ್, ಇಲ್ಲಿ ನೀಲಿ ಅಕ್ಷರದಲ್ಲಿ 'ತಂಗಿ' ಅಂತಿದೆಯಲ್ಲ, ಅದು ಯಾರು?"

ಅವನು ಪುಟ ತಿರುವಿ ನೋಡಿದ. ನಾನು ಕೈ ಎತ್ತಿದೆ.

"ನಾನು. ಬರೆದ ಅಕ್ಕ ಇವಳು."

ಸಭೆಯೆಲ್ಲ ಅಕ್ಕನ ಕಡೆ ತಿರುಗಿತು. ಆಮೇಲೆ, ಹನ್ನೊಂದನೇ ಪುಟ ತಲುಪಿದವರೆಲ್ಲ ಒಬ್ಬೊಬ್ಬರಾಗಿ ಅವನ ಮೂಗಿನ ಕಡೆ ತಿರುಗಿದರು. ಅವನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ನಗು ಛಾವಣಿಗೆ ಮುಟ್ಟಿತು.

ಅವನು ಇಳಿದು ನೇರ ನನ್ನ ಬಳಿ ಬಂದ. "ಒಂದು ಮಾತು ಹೇಳಬಾರದಿತ್ತಾ?"

"ಎರಡು ಸಲ ಕೇಳಿದೆನಲ್ಲ ದೊಡ್ಡಣ್ಣ."

"ಇಷ್ಟು ಜನರ ಮುಂದೆ ನನ್ನ ಮಾನ..."

ಅಕ್ಕ ಎಡಗೈಯಲ್ಲಿ ಅವನ ತೋಳು ತಟ್ಟಿದಳು. ಮಡಿಲಲ್ಲಿ ಪುಸ್ತಕ ತೆರೆದಿತ್ತು.

"ಸಹಿ... ಹಾಕು," ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಮೂಗಯ್ಯನ ಮುಖದ ಮೇಲೆ ಬೆರಳಿಟ್ಟಳು.

"ಮೂಗಿನ... ಕೆಳಗೆ. ಅದೊಂದು... ನಿಂದೇ."

ಸುತ್ತ ಜನ ಸೇರಿದ್ದರು. ಕನ್ನಡಕದ ಹೆಂಗಸು ಪೆನ್ನು ಚಾಚಿದರು. ಅತ್ತಿತ್ತ ನೋಡಿ, ತಪ್ಪಿಸಿಕೊಳ್ಳಲು ದಾರಿ ಕಾಣದೆ ಅವನು ಬಗ್ಗಿದ. ಪೆನ್ನು ತೆಗೆದುಕೊಂಡು ಮೂಗಿನ ಕೆಳಗಿಟ್ಟ. ಸೊಳ್ಳೆ ಎಂದು ಬರೆಯುವಂತಿರಲಿಲ್ಲ. ಸ್ವಂತ ಹೆಸರು ಬರೆದ.