ಲಿಂಗ ಬಿಟ್ಟು ಹೊರಟ ಮಾಣಿಕಮ್ಮ

ಫ್ರಾನ್ಸಿನ ಎಲೋಡಿ ಮೂರು ವರ್ಷ ಹುಮನಾಬಾದಿನಲ್ಲಿ ಮಾಣಿಕಮ್ಮನ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದಳು. ಬೆಳಗಾದರೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗುವುದು, ಕೋಟೆಯ ಸುತ್ತಲಿನ ಹಳೆಯ ಶಾಸನ ಬರೆದುಕೊಳ್ಳುವುದು, ಸಂಜೆ ಬಂದು ಮಾಣಿಕಮ್ಮನ ಒಲೆ ಮುಂದೆ ಕೂತು ಬಿಸಿ ರೊಟ್ಟಿ ಉಣ್ಣುವುದು. 2004ರ ಜನವರಿಗೆ ಅವಳ ಕೆಲಸ ಮುಗಿಯಿತು. ಊರಿಗೆ ಮರಳುವ ಮುನ್ನ ಅವಳದು ಒಂದೇ ಹಟ. ಮಾಣಿಕಮ್ಮನನ್ನು ಕರೆದುಕೊಂಡು ನಾಸಿಕದ ದ್ರಾಕ್ಷಿ ತೋಟದಲ್ಲಿ ಎರಡು ದಿನ ಇದ್ದು ಬರಬೇಕು. ಅಲ್ಲಿ ವೈನ್ ಮಾಡುತ್ತಾರೆ, ಉಳಿಯಲು ಕೋಣೆಗಳೂ ಇವೆ.

ಮಾಣಿಕಮ್ಮ ಹೂಂ ಅಂದುಬಿಟ್ಟಳು. ಅಂದ ಮೇಲೆ ಯೋಚನೆ ಹತ್ತಿತು. ವೈನ್ ಅಂದರೇನು, ಸೆರೆಯೇ ತಾನೇ? ಚಿಕ್ಕಂದಿನಲ್ಲೇ ಕೊರಳಿಗೆ ಬಿದ್ದ ಇಷ್ಟಲಿಂಗವನ್ನು ಸೆರೆ ಮಾಡುವ ಜಾಗಕ್ಕೆ ಒಯ್ಯುವುದು ಹೇಗೆ? ಹೊರಡುವ ದಿನ ನಸುಕಿನಲ್ಲಿ ಪೂಜೆ ಮುಗಿಸಿದವಳೇ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಕಾರು ಹತ್ತಿದಳು. ಎಂಥ ಬುದ್ಧಿವಂತಿಕೆ ನೋಡಿ! ಲಿಂಗ ಮೈಮೇಲೆ ಇಲ್ಲದಾಗ ಹನಿ ನೀರೂ ಗಂಟಲಲ್ಲಿ ಇಳಿಸಬಾರದೆಂದು ಅಜ್ಜಿ ಕಲಿಸಿದ ಕಟ್ಟಳೆ ಆ ಮಹಾತಾಯಿಗೆ ಆಗ ನೆನಪೇ ಆಗಲಿಲ್ಲ.

ನೆನಪಾದದ್ದು ಬಸವಕಲ್ಯಾಣದ ದಾರಿ ಕೂಡುವಲ್ಲಿ. ಉತ್ತಮನೆಂಬ ಡ್ರೈವರ್ ಚಹಾಕ್ಕೆಂದು ಕಾರು ನಿಲ್ಲಿಸಿದ್ದ. ಕಪ್ಪು ತುಟಿಗೆ ತರುವಾಗ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಲ್ಲಿ ಏನೂ ಇಲ್ಲ. ಮಾಣಿಕಮ್ಮ ಕಪ್ಪನ್ನು ಹಾಗೇ ಕೆಳಗಿಟ್ಟಳು.

"ಹೊಟ್ಟಿ ಸರಿ ಇಲ್ಲವ್ವ," ಎಂದಳು.

ಹೇಳಿಬಿಡಬಹುದಿತ್ತು, ಹುಮನಾಬಾದ ಇನ್ನೂ ಹತ್ತಿರವೇ ಇತ್ತು. ಆದರೆ ಹೇಳುವುದು ಏನಂತ? ಮೂರು ವರ್ಷ ತನ್ನ ಕೈಯೂಟ ಉಂಡ ಹುಡುಗಿಗೆ, ನೀ ಕರೆದೊಯ್ಯುವ ಜಾಗ ಹೊಲಸು ಅಂತಲೇ? ಉಮರ್ಗಾದಲ್ಲಿ ಎಲೋಡಿ ಕಿತ್ತಳೆ ಸುಲಿದು ಕೊಟ್ಟಳು, ಮಾಣಿಕಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು. ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿ ನಾಲಿಗೆ ಒಣಗಿ ಹೋಗಿತ್ತು. ಇನ್ನೂ ಎರಡು ದಿನ ಹೀಗೇ ಕಳೆಯಬೇಕಲ್ಲ ಎಂದು ನೆನೆದರೆ ಅವಳಿಗೆ ಕಣ್ಣು ಕತ್ತಲೆ ಬಂದಂತಾಗುತ್ತಿತ್ತು.

ಖಾನಾವಳಿಯಲ್ಲಿ ಊಟ ಬಂತು. ಮಾಣಿಕಮ್ಮ ತಟ್ಟೆ ದೂರ ಸರಿಸಿದಳು. "ಇವತ್ತ ನಂದು ಏಕಾದಶಿ ಅದ. ನೀ ಉಣ್ಣು."

"ಮೂರು ವರ್ಷದಾಗ ನೀವು ಒಂದ ಏಕಾದಶಿ ಮಾಡಿದ್ದು ನಾ ನೋಡಿಲ್ಲರಿ," ಎಂದಳು ಎಲೋಡಿ. ಆ ಒಲೆ ಮುಂದೆ ಕೂತು ಕಲಿತ ಕನ್ನಡ ಅದು. "ನೀರು ಸುದ್ದಾ ಕುಡಿವಲ್ರಿ. ಖರೇ ಹೇಳ್ರಿ, ಏನಾಗ್ಯಾದ?"

ಮಾಣಿಕಮ್ಮನಿಗೆ ಅಳು ಬಂತು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು, ಸೆರೆಯ ಮಾತನ್ನೂ ಬಿಡಲಿಲ್ಲ. ಎಲೋಡಿ ತಾನೂ ಊಟ ಮುಟ್ಟದೆ ಎದ್ದು ಉತ್ತಮನಿಗೆ ಗಾಡಿ ಹುಮನಾಬಾದಿಗೆ ಹೊಳ್ಳಿಸಲು ಹೇಳಿದಳು.

"ನಿನ್ನ ಆಸೆ ಎಲ್ಲಾ ಕೆಡಿಸಿಬಿಟ್ಟೆ," ಎಂದಳು ಮಾಣಿಕಮ್ಮ ದಾರಿಯಲ್ಲಿ.

"ವೈನ್ ಕುಡಿಬೇಕಂತ ನಾ ಹೊಂಟಿದ್ದಿಲ್ಲರಿ. ಫ್ರಾನ್ಸದಾಗ ನಮ್ಮಪ್ಪಂದು ದ್ರಾಕ್ಷಿ ಹೊಲ ಅದ. ನಾ ಅದರಾಗ ಆಡಿ ಬೆಳದಾಕಿ. ನೀವು ಅಲ್ಲಿ ತನಕಾ ಬರೋದು ಆಗಂಗಿಲ್ಲ. ನಮ್ಮ ಮನಿ ಹ್ಯಾಂಗಿರತದ ಅಂತ ನಾಸಿಕದಾಗರ ನಿಮಗ ತೋರಸಬೇಕಂತ ಇತ್ತು, ಅಷ್ಟ."

ತಾನು ಸೆರೆ ಅಂಗಡಿ ಎಂದುಕೊಂಡಿದ್ದು ಈ ಹುಡುಗಿಯ ಪಾಲಿಗೆ ತವರಿನ ಹೊಲ. ನಾಚಿಕೆಯಿಂದ ಮಾಣಿಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಸಂಜೆ ಕಾರು ಬಾಗಿಲಿಗೆ ಬಂದಾಗ ಅಂಗಡಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ ಗಂಡ ನಾಗನಾಥ ನಕ್ಕ. "ನಾಸಿಕ ಇಷ್ಟು ಸಮೀಪ ಅದ ಅಂತ ನನಗ ಗೊತ್ತ ಇದ್ದಿಲ್ಲ," ಎಂದ. ಮಾಣಿಕಮ್ಮ ನೇರ ಒಳಗೆ ಹೋದಳು. ಮೈ ತೊಳೆದು ಪೂಜೆ ಮಾಡಿ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡು, ಒಂದು ತಂಬಿಗೆ ನೀರು ಗಟಗಟ ಕುಡಿದಳು. ಅಬ್ಬಾ, ಹೋದ ಜೀವ ಬಂತು. ಮುಂಜಾನೆಯಿಂದ ಹೊತ್ತ ಭಾರವೆಲ್ಲ ಇಳಿದು ಅವಳು ಅಲ್ಲೇ ಗೋಡೆಗೊರಗಿ ಕೂತು ಒಬ್ಬಳೇ ನಕ್ಕಳು.

ರೊಟ್ಟಿ ಬಡಿದು ಎಲೋಡಿಯೊಡನೆ ಉಂಡ ಮೇಲೆ ಮಾಣಿಕಮ್ಮ ಹೇಳಿದಳು, "ಉತ್ತಮಗ ಹೇಳು, ಮುಂಜಾನಿ ಬರ್ಲಿ. ನಾಸಿಕಕ್ಕ ಹೋಗಮು."

"ಬ್ಯಾಡ್ರಿ, ಲಿಂಗ ಬಿಟ್ಟು ನಿಮಗ ಮತ್ತ ತ್ರಾಸ."

"ಯಾಕ ಬಿಡ್ಲಿ? ಅದೂ ನನ್ನ ಜೋಡಿ ಬರತದ. ನಿನ್ನ ತವರಮನಿ ಅಂತ ಮದಲ ಹೇಳಿದ್ದರ ಇದನ್ಯಾಕ ಬಿಚ್ಚಿಡತಿದ್ದೆ?"

ಎಲೋಡಿ ಅವಳ ಕೈ ಹಿಡಿದುಕೊಂಡಳು. ಮಾಣಿಕಮ್ಮ ಕೈ ಬಿಡಿಸಿಕೊಂಡು ಎದ್ದು ಟ್ರಂಕು ತೆಗೆದಳು. ಒಳ್ಳೆಯದೊಂದು ಕುಬಸದ ಖಣ ಆರಿಸಿ, ಮೇಲೆ ತೆಂಗಿನಕಾಯಿ, ಅರಿಶಿನ ಕುಂಕುಮ ಇಟ್ಟು ಗಂಟು ಕಟ್ಟತೊಡಗಿದಳು.

ನಾಗನಾಥ ಬಾಗಿಲಲ್ಲಿ ನಿಂತು ಕೇಳಿದ, "ಅಲ್ಲಿ ನಿನಗ ಯಾರ ಗುರ್ತು ಅದ? ಉಡಿ ಯಾರಿಗಿ ತುಂಬ್ತಿ?"

"ಯಾರಾರ ಒಬ್ಬಾಕಿ ಇರತಾಳ," ಎಂದಳು ಮಾಣಿಕಮ್ಮ. "ಮಗಳ ತವರಿಗಿ ಬರಿಗೈಲೆ ಹೋಗಲ್ಯಾ?"