ಹಿಣಿಲ ಹಿಂದಿನ ಗುರುತು

"ಇವನ್ನ ಸುಟ್ಟು ಕೊಡ್ತಾರೇನು ಕೇಳವ್ವಾ," ಎಂದು ನೀಲಮ್ಮ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹತ್ತಿಯ ಮೇಲೆ ಒಂದು ಜೋಡಿ ಮಣ್ಣೆತ್ತು ಮಲಗಿದ್ದವು. ಸೊಸೆ ರುದ್ರಾಣಿ ಬೊಂಬೆ ಮಾರುವವಳನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಪರದೇಶದ ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ, ಸೊಪ್ಪಿನ ಸಾಲು ಮುಗಿಯುವಲ್ಲಿ, ರಷ್ಯದ ಗಲೀನಾಳ ಮೇಜು. ತನ್ನ ಊರಿನ ಪದ್ಧತಿಯಂತೆ ಆಕೆ ಮಣ್ಣಿನ ಬೊಂಬೆಗಳನ್ನು ಸುಟ್ಟು, ಹಾಲಿನಲ್ಲಿ ಕಲಸಿದ ಸೀಮೆಸುಣ್ಣ ಬಳಿದು, ಕೆಂಪು ಹಳದಿ ಚುಕ್ಕೆ ಇಡುತ್ತಿದ್ದಳು. ಅಗಲ ಲಂಗದ ಹೆಂಗಸರು, ಪಟ್ಟೆಯ ಕುದುರೆಗಳು, ಬಾಲಕ್ಕೆ ಬಾಯಿಟ್ಟು ಊದಿದರೆ ಸಿಳ್ಳೆ ಹಾಕುವ ಮೇಕೆಗಳು. ನೀಲಮ್ಮನವರ ಗಂಡ ಮಹಾಂತಪ್ಪನವರು ಬದುಕಿದ್ದಾಗ ಒಂದು ಮೇಕೆಯನ್ನಾದರೂ ಊದದೆ ಇಲ್ಲಿಂದ ಕದಲುತ್ತಿರಲಿಲ್ಲ.

"ಈ ಸಲ ನಮ್ಮ ಎತ್ತಿಗೂ ಒಂದು ತೂತು ಇಡೂಣೇನ?" ಎಂದು ಹೆಂಡತಿಯನ್ನು ಕೆಣಕುತ್ತಿದ್ದರು.

"ಶಿವ ಶಿವಾ! ಪೂಜಾದ ಎತ್ತಿನ ಬಾಲ ಊದ್ತಾರಂತ!"

ಮಣ್ಣೆತ್ತಿನ ಅಮಾವಾಸ್ಯೆಗೆ ಹಿತ್ತಲ ಮಣ್ಣಿನಿಂದ ಎತ್ತು ಮಾಡುತ್ತಿದ್ದವರು ಅವರೇ. ಪೂಜೆ ಮುಗಿದ ಮೇಲೆ ಹಸಿಮಣ್ಣಿನ ಎತ್ತುಗಳನ್ನು ನೀರಿಗೆ ಬಿಡಬೇಕು. ಹೋದ ವರ್ಷ ಪೂಜೆಯ ಮರುದಿನವೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಎತ್ತುಗಳು ದೇವರ ಜಗುಲಿಯ ಮೇಲೆಯೇ ಉಳಿದವು; ಅವರು ಮರಳಲಿಲ್ಲ. ಈಗ ಮತ್ತೆ ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಎತ್ತಿನ ಬೆನ್ನ ಮೇಲೆ ಉಬ್ಬಿದ ಹಿಣಿಲ ಹಿಂದೆ ಅವರ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ನಿಂತಿತ್ತು. ಅದನ್ನು ನೀರಿಗೆ ಬಿಡಲು ನೀಲಮ್ಮನವರಿಗೆ ಕೈ ಬರಲಿಲ್ಲ. ಸುಟ್ಟರೆ ಉಳಿದೀತು ಎಂದುಕೊಂಡಿದ್ದರು.

ಗಲೀನಾ ಎತ್ತನ್ನು ಅಂಗೈಯಲ್ಲಿ ತೂಗಿ ನೋಡಿ ಏನೋ ಹೇಳಿದಳು.

"ಹೊಟ್ಟಿ ಭಾಳ ದಪ್ಪ ಐತಂತ್ರಿ ಅತ್ತಿ," ಎಂದಳು ರುದ್ರಾಣಿ. "ಬೆಂಕ್ಯಾಗ ಒಡದರೂ ಒಡೀಬಹುದಂತ. ಟ್ರೈ ಮಾಡ್ತೀನಿ, ಗ್ಯಾರಂಟಿ ಇಲ್ಲ ಅಂತಾರ."

"ಒಡದ್ರ?"

"ಸುಟ್ಟ ಮ್ಯಾಲ ಒಡದ್ರ ಅದು ಮತ್ತ ಮಣ್ಣಾಗಂಗಿಲ್ಲಂತ್ರಿ."

ಗಲೀನಾ ಮೇಜಿನ ಕೆಳಗಿನ ಬಕೆಟ್ಟನ್ನು ಕಾಲಿನಿಂದ ಮುಂದೆ ತಳ್ಳಿದಳು. ಬೂದುಬಣ್ಣದ ನೀರಿನಲ್ಲಿ, ಸುಡುವ ಮೊದಲೇ ಮುರಿದ ಕುದುರೆಯ ತಲೆ, ಲಂಗದ ತುಂಡುಗಳು ಮತ್ತೆ ಮಣ್ಣಾಗಿ ಕರಗುತ್ತಿದ್ದವು.

"ಇವರವ್ವನೂ ಇದ ಕೆಲಸ ಮಾಡ್ತಿದ್ಲಂತ್ರಿ. ಸತ್ತಾಗ ಒಂದು ಕುದುರಿ ಅರ್ಧಾ ಆಗಿತ್ತಂತ. ಅದನ್ನ ನೀರಾಗ ನೆನಸಿ ಹೊಸಾದು ಮಾಡಿದ್ರಂತ."

"ಹಡದವ್ವ ಮಾಡಿದ್ದನ್ನ? ಹೆಂಗ ಮನಸ್ಸು ಬಂತವ್ವಾ?"

ರುದ್ರಾಣಿ ಪ್ರಶ್ನೆಯನ್ನು ತಿಳಿಸಿದಾಗ ಗಲೀನಾ ನಕ್ಕಳು. ಕಣ್ಣು ನಗಲಿಲ್ಲ.

"ಹಂಗ ಇಟ್ಟಿದ್ರ, ಛಲೋ ಮಣ್ಣು ಯಾಕ ಕೆಡಸ್ತಿ ಅಂತ ಅವ್ವ ಬೈತಿದ್ಲಂತ."

ನೀಲಮ್ಮ ಡಬ್ಬಿಯ ಮುಚ್ಚಳ ಹಾಕಿಕೊಂಡರು.

ಅಮಾವಾಸ್ಯೆಯ ಹಿಂದಿನ ದಿನ ಹಿತ್ತಲಲ್ಲಿ ಬೋಗುಣಿಗೆ ನೀರು ತುಂಬಿ, ಕೊರಳಿನ ಲಿಂಗವನ್ನು ಮುಟ್ಟಿಕೊಂಡು, ಎರಡೂ ಎತ್ತುಗಳನ್ನು ಮೆಲ್ಲಗೆ ಇಳಿಸಿದರು. ಸಣ್ಣ ಗುಳ್ಳೆಗಳೆದ್ದವು. ಪೂರ್ತಿ ಕರಗುವವರೆಗೂ, ಮುಂಗಾರಿನ ತಿಂಗಳಲ್ಲೇ ಬರುವ ಈ ದೇಶದ ಚಳಿಯಲ್ಲಿ ಕೂತಿದ್ದರು. ಮರುದಿನ ತಿಳಿನೀರು ಬಸಿದು, ಕೆಸರಿಗೆ ಒಣಮಣ್ಣು ಬೆರೆಸಿ ನಾದಿದರು. ಎತ್ತುಗಳೆದ್ದು ನಿಂತವು, ಜೋಳದ ಕಾಳು ಒತ್ತಿದಾಗ ಕಣ್ಣು ಬಂದವು.

"ಅತ್ತಿ, ಒಂದು ಕುಂಟತೈತ್ರಿ."

"ನಿಮ್ಮ ಮಾವನ ಎತ್ತೂ ಕುಂಟತಿದ್ವು. ಸುಮ್ನಿರು."

ಹಿಣಿಲ ಹಿಂದೆ ನೀಲಮ್ಮ ಹೆಬ್ಬೆರಳು ಒತ್ತಿದರು. ಮಣ್ಣು ತಣ್ಣಗಿತ್ತು. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.