ಸರ್ವೋತ್ತಮ ಶೆಟ್ಟರ ಅಂಗಳದ ಬೂತ್

ಇನ್ನಂಜೆ ಊರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಿದ್ದರೆ ಅವರು ಒಂದು ಗುರುವಾರವನ್ನು ಬಿಟ್ಟು ಬರೆಯುವಂತಿಲ್ಲ. ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಸರ್ವೋತ್ತಮ ಶೆಟ್ಟರು, ಯಾವ ಸರಕಾರದ ಆದೇಶವೂ ಇಲ್ಲದೆ, ತಮ್ಮ ಸ್ವಂತ ಅಂಗಳದಲ್ಲಿ ಒಂದು ಬೂತ್ ಸ್ಥಾಪಿಸಿದರು.

ಬೂತ್ ಎಂದರೆ ನಾಲ್ಕು ಮೂಲೆಗೆ ಪಿವಿಸಿ ಪೈಪು, ಮೇಲೆ ಮತ್ತು ಸುತ್ತಲೂ ಮಳೆಗಾಲದಲ್ಲಿ ಸೌದೆ ಮುಚ್ಚುವ ನೀಲಿ ಟರ್ಪಾಲು. ಗಾಳಿ ಒಳಗೆ ಬರುವ ಕಡೆ ಧೂಳು ಸೋಸಲು ಹೆಂಡತಿ ಬೇಬಿಯವರ ಹಳೆಯ ವಾಯಿಲ್ ಸೀರೆ. ಹೊರಗೆ ಹೋಗುವ ಕಡೆ ಅಡುಗೆಮನೆಯ ಗೋಡೆಯಿಂದ ಕಿತ್ತು ತಂದ ಎಕ್ಸಾಸ್ಟ್ ಫ್ಯಾನು. ಒಳಗೆ ಹದಿನಾಲ್ಕು ವರ್ಷ ಹಳೆಯ ಕಾರು. ಅದರ ಬಣ್ಣ ಬಿಳಿ ಎಂದು ದಾಖಲೆಗಳಲ್ಲಿ ಇತ್ತು. ಕಾಪು ಕಡಲಿನ ಉಪ್ಪುಗಾಳಿ ದಾಖಲೆಗಳನ್ನು ಓದುವುದಿಲ್ಲವಾದ್ದರಿಂದ ಬಾನೆಟ್ಟಿನ ಮೇಲೆ ಈಗ ಬಿಳಿ, ಬೂದು, ತುಕ್ಕು ಮೂರೂ ಇದ್ದವು.

ಇಷ್ಟೆಲ್ಲ ಏರ್ಪಾಟಿಗೆ ಕಾರಣ ಉಂಟು. ಬೇಬಿಯವರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ, ಮೊದಲ ಪರೀಕ್ಷೆಯಲ್ಲೇ, ಡ್ರೈವಿಂಗ್ ಲೈಸನ್ಸ್ ಸಿಕ್ಕಿತ್ತು. ಶೆಟ್ಟರಿಗೆ ಅದು ಮೂರನೆಯ ಪರೀಕ್ಷೆಯಲ್ಲಿ ಸಿಕ್ಕಿದ್ದು ಎಂಬುದನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಕಾರ್ಕಳದಲ್ಲಿ ಬೇಬಿಯವರ ಅಣ್ಣ ತಾರಾನಾಥರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ತಾನೇ ಕಾರು ಓಡಿಸಿಕೊಂಡು ಬರುತ್ತೇನೆ ಎಂದು ಬೇಬಿ ಫೋನಿನಲ್ಲಿ ಹೇಳಿದಾಗ ಅಣ್ಣ ನಕ್ಕು, "ಬಾ ಮಾರಾಯ್ತಿ. ಆದರೆ ಆ ಕಾರನ್ನು ಗೇಟಿನ ಹೊರಗೆ ನಿಲ್ಲಿಸು, ಫೋಟೋದಲ್ಲಿ ಬಂದೀತು" ಎಂದರು. ಫೋನು ಸ್ಪೀಕರಿನಲ್ಲಿತ್ತು. ಬೇಬಿಯವರ ಮುಖ ಇಳಿದದ್ದನ್ನು ಶೆಟ್ಟರು ನೋಡಿದರು.

"ನಾನೇ ಪೈಂಟ್ ಮಾಡಿ ಹೊಸದು ಮಾಡಿ ಕೊಡ್ತೇನೆ. ಮಾತು ಕೊಟ್ಟೆ!"

ಅವರಿಗೆ ಅರ್ಹತೆ ಇಲ್ಲದೆ ಇಲ್ಲ. ಶಾರ್ಜಾದ ಒಂದು ದೊಡ್ಡ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಬಿಡಿಭಾಗಗಳ ಸ್ಟೋರ್ ನೋಡಿಕೊಂಡವರು. ಸ್ಟೋರಿಗೂ ಪೈಂಟಿಂಗ್ ಕೋಣೆಗೂ ನಡುವೆ ದಪ್ಪದ ಗಾಜು. ಆ ಗಾಜಿನ ಈಚೆ ಕುಳಿತು ಅವರು ಸಾವಿರಾರು ಕಾರುಗಳಿಗೆ ಬಣ್ಣ ಬೀಳುವುದನ್ನು ನೋಡಿದ್ದರು. ಗಾಜು ಯಾಕೆ ಇತ್ತು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಟರ್ಪಾಲು ಕಟ್ಟುವ ಹಗ್ಗ ತರಲು ಹೋದಾಗ ಶೆಟ್ಟರು ಅಂಗಡಿಯಲ್ಲಿ, "ಅಂಗಳದಲ್ಲಿ ಬೂತ್ ಹಾಕ್ತಾ ಇದ್ದೇನೆ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದರು. ಅದರ ಫಲ ಹತ್ತು ಗಂಟೆಗೆ ಬಂತು. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಕೃಷ್ಣರಾಜ ಭಟ್ಟರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮತದಾರರ ಗುರುತಿನ ಚೀಟಿ ಹಿಡಿದು ಗೇಟು ತೆರೆದರು.

"ಶೆಟ್ರೇ, ಕ್ಯೂ ಎಲ್ಲಿಂದ?"

"ಎಂತ ಕ್ಯೂ ಭಟ್ರೇ?"

"ಬೂತ್ ನಿಮ್ಮಲ್ಲಿ ಅಂತ ಹೇಳಿದ್ರು. ನನಗೆ ಶಾಲೆಯ ತನಕ ನಡೆಯುವುದು ತಪ್ಪಿತು, ಒಳ್ಳೆಯದಾಯ್ತು. ಇದು ಪಂಚಾಯತ್ ಚುನಾವಣೆಯಾ, ದೊಡ್ಡದಾ?"

"ಇದು ಪೈಂಟ್ ಬೂತ್ ಮಾರಾಯ್ರೇ! ಕಾರಿಗೆ!"

"ಕಾರಿಗೂ ವೋಟು ಬಂತಾ?" ಎಂದರು ಭಟ್ಟರು. ವಿಷಯ ತಿಳಿದ ಮೇಲೂ ಅವರು ಮನೆಗೆ ಹೋಗಲಿಲ್ಲ. ಜಗಲಿಯಲ್ಲಿ ಕುಳಿತರು. ಬೇಬಿಯವರು ಕಾಫಿ ತಂದುಕೊಟ್ಟರು.

ಕಾಫಿ ಅರ್ಧ ಆಗುವಾಗ ಸ್ಕೂಟರು ಬಂದು ನಿಂತಿತು. ಇಳಿದವರು ಅಂಗನವಾಡಿಯ ಕಾನ್ಸೆಪ್ಟಾ ಟೀಚರ್. ಈ ಭಾಗದ ಮತದಾರರ ಪಟ್ಟಿಯ ಹೊಣೆಯೂ ಅವರದೇ. ಬೆಳಗಿನಿಂದ ಮೂರು ಜನ ಅವರಿಗೆ ಫೋನು ಮಾಡಿದ್ದರು.

"ಶೆಟ್ರೇ, ನನ್ನ ಬೂತಿನೊಳಗೆ ನನಗೇ ಗೊತ್ತಿಲ್ಲದೆ ಇನ್ನೊಂದು ಬೂತಾ?"

ಶೆಟ್ಟರು ಟರ್ಪಾಲು ಸರಿಸಿ ತೋರಿಸಿದರು. ಟೀಚರ್ ನಗಲು ಬಾಯಿ ತೆರೆದವರು ಹಾಗೆಯೇ ನಿಂತರು. ಅವರ ತಮ್ಮ ಅಲೆಕ್ಸಾಂಡರ್‌ನದು ಪರ್ಕಳದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪ್. ಹಾಗಾಗಿ ಏನನ್ನು ನೋಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಸೀಲು ಒಡೆಯದ ಪೈಂಟು ಡಬ್ಬಿ ನೋಡಿದರು. ಥಿನ್ನರ್ ನೋಡಿದರು. ಪಕ್ಕದಲ್ಲಿದ್ದ, ಪೈಂಟು ಗಟ್ಟಿಯಾಗಲು ಬೆರೆಸುವ ಹಾರ್ಡನರಿನ ಸಣ್ಣ ಡಬ್ಬಿ ನೋಡಿದರು. ಆಮೇಲೆ ಫ್ಯಾನಿನ ಬಾಯಿ ಯಾವ ಕಡೆಗೆ ಉಂಟು ಎಂದು ನೋಡಿದರು. ಹತ್ತು ಹೆಜ್ಜೆ ಆಚೆ ಬಚ್ಚಲುಮನೆ. ಹಂಡೆಯ ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ ಸಣ್ಣಗೆ ಉರಿಯುತ್ತಿತ್ತು.

"ಈ ಗಾಳಿ ಸೀದಾ ಒಲೆಗೆ ಹೋಗ್ತದೆ ಅಲ್ವಾ?"

"ಬಿಸಿನೀರು ಕಾಯ್ತಾ ಉಂಟು ಟೀಚರ್. ಗಾಳಿ ಮೇಲೆ ಹೋಗ್ತದೆ ಬಿಡಿ."

"ಥಿನ್ನರಿನ ಆವಿ ಮೇಲೆ ಹೋಗುವುದಿಲ್ಲ. ಅದು ಗಾಳಿಗಿಂತ ಭಾರ. ನೆಲ ಹಿಡಿದು ಹರೀತದೆ, ಬೆಂಕಿ ಸಿಕ್ಕಿದರೆ ಅದೇ ದಾರಿಯಲ್ಲಿ ಬೆಂಕಿ ವಾಪಾಸು ಬರ್ತದೆ."

"ಹಾಗಾದರೆ ಒಲೆ ನಂದಿಸುವ."

"ಫ್ಯಾನು? ಅಡುಗೆಮನೆಯ ಫ್ಯಾನಿನ ಮೋಟರು, ಸ್ವಿಚ್ಚು ಎಲ್ಲ ಕಿಡಿ ಹಾರಿಸಬಹುದು. ನೀವು ಆ ಆವಿಯನ್ನು ಅದರ ಮೇಲಿಂದಲೇ ಎಳೀತೀರಿ. ಉಳಿದ ಥಿನ್ನರ್ ಎಲ್ಲಿ ಚೆಲ್ಲುವುದು?"

"ಆ ತೆಂಗಿನ ಬುಡಕ್ಕೆ."

"ಅಲ್ಲಿಂದ ಬಾವಿಗೆ ಎಷ್ಟು ಹೆಜ್ಜೆ?"

ಶೆಟ್ಟರು ಬಾವಿಯ ಕಡೆ ತಿರುಗಿದರು. ಜಗಲಿಯಿಂದ ಭಟ್ಟರು, "ಏಳು" ಎಂದರು.

ಹೆಂಗಸರ ಎದುರು, ಅದರಲ್ಲೂ ಭಟ್ಟರ ಎದುರು, ಸೋಲುವುದು ಶೆಟ್ಟರಿಗೆ ಅಭ್ಯಾಸವಿಲ್ಲ. "ನೋಡಿ ಟೀಚರ್, ನನ್ನ ಬೂತಿನಿಂದ ಒಂದು ಹನಿ ಹೊರಗೆ ಬರುವುದಿಲ್ಲ. ನನ್ನ ಮೂಗಿಗೂ ಹೋಗುವುದಿಲ್ಲ. ಮಾಸ್ಕ್ ಉಂಟು." ಅವರು ಕಿಸೆಯಿಂದ ಕೊರೋನಾ ಕಾಲದ ಬಟ್ಟೆ ಮಾಸ್ಕನ್ನು ತೆಗೆದು ತೋರಿಸಿದರು.

"ಪಂಥವಾ?"

"ಪಂಥವೇ!"

"ಬೇಬಿ ಅಕ್ಕಾ, ಮುಖಕ್ಕೆ ಹಾಕುವ ಪೌಡರ್ ಉಂಟಾ?"

"ಇಲ್ಲದೆ? ಇವರು ಶಾರ್ಜಾದಿಂದ ಪ್ರತಿ ಸಲ ಬರುವಾಗ ಅದನ್ನೇ ತರ್ತಿದ್ದದ್ದು. ಎಷ್ಟು ಹಾಕಿದರೂ ಮುಗಿಯುವುದಿಲ್ಲ." ಬೇಬಿಯವರು ದೊಡ್ಡ ಡಬ್ಬಿಯೊಂದನ್ನು ಸಂತೋಷದಿಂದಲೇ ತಂದರು.

ಟೀಚರ್ ಹೇಳಿದಂತೆ ಪೈಂಟು, ಥಿನ್ನರು, ಹಾರ್ಡನರ್ ಮೂರನ್ನೂ ದೂರ ಸಾಗಿಸಿದ್ದಾಯಿತು. ಶೆಟ್ಟರು ಮಾಸ್ಕ್ ಕಟ್ಟಿ, ಬೊಗಸೆ ತುಂಬ ಪೌಡರ್ ಹಿಡಿದು ಒಳಗೆ ಹೋದರು. ಟರ್ಪಾಲಿನ ಬಾಗಿಲು ಮುಚ್ಚಿತು. ಟೀಚರ್ ಫ್ಯಾನು ಹಾಕಿದರು. ಶೆಟ್ಟರು ಪೌಡರ್ ತೂರುತ್ತಾ ಒಳಗಿನಿಂದ "ಈಗ!" ಎಂದರು.

ಮೊದಲು ಮೂಲೆಗಳಲ್ಲಿ ಬಿಳಿ ಹೊಗೆ ಕಂಡಿತು. ಅನಂತರ ವಾಯಿಲ್ ಸೀರೆ ಒಂದು ನಿಟ್ಟುಸಿರು ಬಿಟ್ಟಿತು. ಫ್ಯಾನಿನಿಂದ ಹೊರಟದ್ದು ನೆಟ್ಟಗೆ ಬಚ್ಚಲಿಗೆ ಹೋಗಿ ತಾಮ್ರದ ಹಂಡೆಯನ್ನು ಬೆಳ್ಳಿಯದಾಗಿಸಿತು. ಒಗೆದು ಹಾಕಿದ ಬಟ್ಟೆಗಳ ಮೇಲೆ, ಸ್ಕೂಟರಿನ ಸೀಟಿನ ಮೇಲೆ, ಕೊನೆಗೆ ಭಟ್ಟರ ಕಾಫಿಯ ಮೇಲೆ ಮಲ್ಲಿಗೆಯ ಪರಿಮಳ ಇಳಿಯಿತು.

"ಶೆಟ್ರೇ, ಕಾಫಿಗೆ ಸಕ್ಕರೆ ಹಾಕಿಯೇ ಕೊಟ್ಟಿದ್ದರು" ಎಂದರು ಭಟ್ಟರು.

ಶೆಟ್ಟರು ಹೊರಗೆ ಬಂದರು. ರೆಪ್ಪೆ ಬಿಳಿ, ತಲೆ ಬಿಳಿ. "ಮೂಗು ನೋಡಿ ಈಗ" ಎಂದು ಹೆಮ್ಮೆಯಿಂದ ಮಾಸ್ಕ್ ಇಳಿಸಿದರು. ಮಾಸ್ಕಿನ ಒಳಗೆ, ಮೂಗಿನ ಕೆಳಗೆ, ಅಚ್ಚುಕಟ್ಟಾದ ಒಂದು ಬಿಳಿ ಮೀಸೆ ಇತ್ತು.

ಬೇಬಿಯವರು ನಗುತ್ತಾ ಜಗಲಿಯ ಕಂಬ ಹಿಡಿದುಕೊಂಡರು. ಭಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ಕೂಟರಿನ ಕನ್ನಡಿ ನೋಡಿದ ಶೆಟ್ಟರೂ ನಕ್ಕರು, ನಕ್ಕ ಕೂಡಲೇ ಕೆಮ್ಮಿದರು. ಆ ಕೆಮ್ಮು ನಿಲ್ಲುವ ತನಕ ಕಾದು ಟೀಚರ್ ಮೆಲ್ಲಗೆ ಹೇಳಿದರು:

"ಪೌಡರ್ ಆದ್ದರಿಂದ ಕಂಡಿತು. ಹಾರ್ಡನರ್ ಕಾಣುವುದಿಲ್ಲ. ಎಷ್ಟೋ ಸಲ ವಾಸನೆಯೂ ಬರುವುದಿಲ್ಲ. ನನ್ನ ತಮ್ಮ ಹತ್ತು ವರ್ಷ ಮುಖಕ್ಕೆ ಕರ್ಚೀಫ್ ಕಟ್ಟಿ ಪೈಂಟ್ ಹೊಡೆದ. ಒಂದು ದಿನ ಉಬ್ಬಸ ಹಿಡಿಯಿತು. ಈಗ ಯಾರಾದರೂ ಆ ಡಬ್ಬಿ ತೆರೆದರೆ ಸಾಕು, ಅವನಿಗೆ ಉಸಿರು ಕಟ್ತದೆ. ಡಾಕ್ಟರು ಹೇಳಿದ್ದಾರೆ, ಇನ್ನು ಅದರ ಹತ್ತಿರವೂ ಹೋಗಬಾರದು ಅಂತ. ಅವನದೇ ವರ್ಕ್‌ಶಾಪ್ ಶೆಟ್ರೇ. ಅವನು ಹೊರಗೆ ನಿಲ್ತಾನೆ."

"ಮತ್ತೆ ಅಲ್ಲಿ ಪೈಂಟ್ ಮಾಡುವವರು?"

"ಇಬ್ಬರು ಕಲಿತವರು ಇದ್ದಾರೆ. ತಲೆ, ಮುಖ ಪೂರ್ತಿ ಮುಚ್ಚುವ ಗವಸು, ಅದಕ್ಕೊಂದು ಪೈಪು. ಹೊರಗಿನ ಒಳ್ಳೆಯ ಗಾಳಿ ಅದರಲ್ಲಿ ಬರ್ತದೆ."

ಶೆಟ್ಟರು ಬಟ್ಟೆ ಮಾಸ್ಕನ್ನು ಬಿಚ್ಚಿ ಕಿಸೆಗೆ ಹಾಕಿದರು. ಶಾರ್ಜಾದ ಗಾಜಿನ ಆಚೆ ಪೈಂಟ್ ಹೊಡೆಯುತ್ತಿದ್ದ ಪಠಾಣರ ತಲೆಗಳಿಗೂ ಅಂಥದ್ದೇ ಪೈಪು ಇತ್ತು. "ನಾನು ಅದು ಏಸಿ ಅಂತ ಮಾಡಿದ್ದೆ" ಎಂದರು. "ಅವರಿಗೆ ಮಾತ್ರ ಏಸಿ ಕೊಟ್ಟಿದ್ದಾರೆ ಅಂತ ಹದಿನೆಂಟು ವರ್ಷ ಹೊಟ್ಟೆಕಿಚ್ಚು ಪಟ್ಟೆ ಟೀಚರ್."

ಆದರೂ ಒಂದು ಕೊನೆಯ ಬಾಣ ಉಳಿದಿತ್ತು. "ಆನ್‌ಲೈನಿನಲ್ಲಿ ಗಾಳಿ ತುಂಬಿ ನಿಲ್ಲಿಸುವ ಬೂತ್ ಸಿಗ್ತದಂತೆ. ಅದನ್ನು ತರಿಸಿದರೆ?"

"ಅದು ಹಸಿ ಪೈಂಟಿನ ಮೇಲೆ ಕಸ, ನೊಣ ಬೀಳದ ಹಾಗೆ ಕಾರನ್ನು ಕಾಯ್ತದೆ. ಒಳಗೆ ನಿಂತ ಮನುಷ್ಯನನ್ನು ಕಾಯುವುದಿಲ್ಲ. ಡೇರೆ ಚಂದ ಇದ್ದ ಮಾತ್ರಕ್ಕೆ ಗಾಳಿ ಚೊಕ್ಕ ಆಗ್ತದಾ?"

ಶೆಟ್ಟರು ಮೆಟ್ಟಿಲ ಮೇಲೆ ಕುಳಿತರು. ದನಿ ಇಳಿಯಿತು. "ಹಾಗಾದರೆ ಬೇಬಿಯ ಕಾರು? ನಾನು ಮಾತು ಕೊಟ್ಟಿದ್ದೇನೆ. ಆ ತಾರಾನಾಥ ಭಾವನ ಎದುರು ಇವಳು ತಲೆ ತಗ್ಗಿಸಬಾರದು."

ಈ ಮಾತಿಗೆ ಉತ್ತರ ಕೊಟ್ಟವರು ಬೇಬಿ. "ಕಾರು ಚಂದ ಮಾಡಿ ಕೊಡ್ತೇನೆ ಅಂದದ್ದು ನೀವು. ನೀವೇ ಡೇರೆಯೊಳಗೆ ನಿಂತು ಹೊಡೀಬೇಕು ಅಂತ ನಾನು ಹೇಳಿದ್ದಾ? ಕಾರ್ಕಳದ ತನಕ ನನಗೆ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ಬರುವ ಒಬ್ಬರು ಬೇಕು. ಕೆಮ್ಮುವವರು ಬೇಡ."

ಟೀಚರ್ ತಮ್ಮನಿಗೆ ಫೋನು ಹಚ್ಚಿ ವಿಷಯ ಹೇಳಿದರು. ಈ ಮನೆಯಲ್ಲಿ ಎಲ್ಲ ಫೋನೂ ಸ್ಪೀಕರಿನಲ್ಲೇ.

"ಶೆಟ್ರೇ ನಮಸ್ಕಾರ" ಎಂದ ಅಲೆಕ್ಸಾಂಡರ್. "ನಿಮಗೆ ಕೆಲಸ ಬೇಕಲ್ವಾ? ಅರ್ಧಕ್ಕಿಂತ ಹೆಚ್ಚು ಕೆಲಸ ಇರುವುದು ಪೈಂಟಿಗಿಂತ ಮೊದಲು. ತೊಳೆಯಿರಿ. ವಾಟರ್ ಪೇಪರ್ ಅಂತ ಉಪ್ಪುಕಾಗದ ಸಿಗ್ತದೆ, ಅದರಲ್ಲಿ ನೀರು ಹಾಕಿ ಹಾಕಿ ತಿಕ್ಕಿ. ಒಣಗಿದ್ದನ್ನು ತಿಕ್ಕಬೇಡಿ, ಧೂಳು ಏಳ್ತದೆ. ಗಾಜಿಗೆ, ಲೈಟಿಗೆ ಪೇಪರ್ ಅಂಟಿಸಲಿಕ್ಕೆ ಬೇಕಾದ್ದು ತಂದಿಟ್ಟುಕೊಳ್ಳಿ. ಸೋಮವಾರ ತಂದರೆ ಶನಿವಾರ ಕೊಡ್ತೇನೆ. ಆ ಡಬ್ಬಿಗಳನ್ನು ತೆರೆಯದೆ ಹಾಗೇ ತನ್ನಿ."

"ಶನಿವಾರ ಖಂಡಿತವಾ?"

"ಅಕ್ಕ ಪಕ್ಕದಲ್ಲೇ ಇದ್ದಾಳಲ್ಲ ಶೆಟ್ರೇ. ನಾನು ಸುಳ್ಳು ಹೇಳಲಿಕ್ಕೆ ಉಂಟಾ?"

ಬೂತ್ ಮಧ್ಯಾಹ್ನದೊಳಗೆ ವಿಸರ್ಜನೆಯಾಯಿತು. ಟರ್ಪಾಲು ಸೌದೆಯ ಮೇಲೆ, ಫ್ಯಾನು ಅಡುಗೆಮನೆಯ ಗೋಡೆಗೆ.

ಭಾನುವಾರ ಬೇಬಿಯವರ ಸ್ವಸಹಾಯ ಸಂಘದ ಸಭೆ ಇತ್ತು. ಸಭೆಯನ್ನು ಶೆಟ್ಟರ ಅಂಗಳದಲ್ಲೇ, ಕಾರಿನ ಸುತ್ತ ನಡೆಸಲಾಯಿತು. ಹನ್ನೊಂದು ಹೆಂಗಸರು ಸೆರಗು ಸಿಕ್ಕಿಸಿ ನಿಂತರು. ಒಬ್ಬರು ನೀರು ಹಾಕಿದರೆ ಇಬ್ಬರು ತಿಕ್ಕಿದರು. ಬಾನೆಟ್ಟು ಯಾರದು, ಡಿಕ್ಕಿ ಯಾರದು ಎಂದು ಪಾಲಾಯಿತು. ಬಲಗಡೆಯ ಬಾಗಿಲು ನುಣುಪಾಗಿದೆಯೋ ಎಡಗಡೆಯದೋ ಎಂದು ತುಳುವಿನಲ್ಲಿ ಜೋರು ಚರ್ಚೆ ನಡೆಯಿತು. ಶೆಟ್ಟರು ಶಾರ್ಜಾದಲ್ಲಿ ಹೇಗೆ ಮಾಡುತ್ತಿದ್ದರು ಎಂದು ವಿವರಿಸತೊಡಗಿದಾಗ ಅವರ ಕೈಗೆ ಬಕೆಟು ಕೊಟ್ಟು ನೀರು ತರಲು ಕಳಿಸಿದರು. ಗಾಜಿಗೆ ಪತ್ರಿಕೆ ಅಂಟಿಸುವ ಕೆಲಸ ಭಟ್ಟರಿಗೆ ಸಿಕ್ಕಿತು. ಪ್ರತಿ ಹಾಳೆಯನ್ನೂ ಪೂರ್ತಿ ಓದಿಯೇ ಅಂಟಿಸುತ್ತಿದ್ದುದರಿಂದ ಅದು ಸಂಜೆಯ ತನಕ ನಡೆಯಿತು. ಮುಂದಿನ ಗಾಜನ್ನೂ ಅದರ ಅಕ್ಕಪಕ್ಕದ ಗಾಜುಗಳನ್ನೂ ಹೇಗೂ ಡ್ರೈವರಿಗೆ ದಾರಿ ಕಾಣಲು ಬಿಡಬೇಕಾಯಿತು.

ಸೋಮವಾರ ಬೇಬಿಯವರೇ ಓಡಿಸಿಕೊಂಡು ಪರ್ಕಳಕ್ಕೆ ಹೋದರು. ಅಲೆಕ್ಸಾಂಡರ್ ಕಾರನ್ನು ಸುತ್ತು ಹಾಕಿ, ಕೈಯಿಂದ ಸವರಿ, "ಇಷ್ಟು ಚೆನ್ನಾಗಿ ತಿಕ್ಕಿದವರು ಯಾರು? ಅವರನ್ನು ಇಲ್ಲಿ ಕೆಲಸಕ್ಕೆ ಕಳಿಸಿ" ಎಂದ. ಬೇಬಿಯವರು ಆ ಮಾತನ್ನು ಸಂಘಕ್ಕೆ ತಲುಪಿಸುವುದಾಗಿ ಹೇಳಿದರು.

ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಒಂದು ಹಳೆಯ ಕಾರೋ ಸ್ಕೂಟರೋ ಬಣ್ಣಕ್ಕಾಗಿ ಕಾಯುತ್ತಿರಬಹುದು. ತೊಳೆಯಿರಿ, ನೀರು ಹಾಕಿ ತಿಕ್ಕಿ, ನೆರೆಯವರನ್ನು ಕರೆಯಿರಿ. ಹಾರ್ಡನರ್ ಬೆರೆಸಿದ ಪೈಂಟನ್ನು ಮಾತ್ರ ಮನೆಯಲ್ಲಿ ಹೊಡೆಯಬೇಡಿ. ಟರ್ಪಾಲಿನ ಡೇರೆಯೂ ಪೇಟೆಯಿಂದ ತರಿಸಿದ ಡೇರೆಯೂ ನಿಮ್ಮ ಎದೆಯನ್ನು ಕಾಯುವುದಿಲ್ಲ, ಬಟ್ಟೆಯ ಮಾಸ್ಕ್ ಅಂತೂ ಇಲ್ಲವೇ ಇಲ್ಲ. ಸರಿಯಾದ ಕೋಣೆ, ಗಾಳಿ ಬರುವ ಮುಖಗವಸು, ಕಲಿತ ಕೈ ಇರುವ ಕಡೆಗೆ ಕೊಡಿ. ಥಿನ್ನರ್ ಮನೆಯಲ್ಲಿದ್ದರೆ ಒಲೆ, ದೀಪ, ಸ್ವಿಚ್ಚಿನಿಂದ ದೂರ, ಮುಚ್ಚಳ ಬಿಗಿಯಾಗಿ ಇಡಿ. ಮಕ್ಕಳ ಕೈಗೆ ಸಿಗದಿರಲಿ. ಬಾವಿಯ ಕಡೆ, ಚರಂಡಿಗೆ ಚೆಲ್ಲಬೇಡಿ. ಪೈಂಟ್ ಮಾಡುವವರಿಗೆ ಕೆಮ್ಮು, ಎದೆ ಬಿಗಿತ ಬಂದರೆ ನಾಳೆ ನೋಡುವ ಎನ್ನದೆ ಡಾಕ್ಟರಿಗೆ ತೋರಿಸಿ, ಯಾವ ಪೈಂಟು ಎಂದೂ ಹೇಳಿ. ಪೌಡರಿನ ಪರೀಕ್ಷೆಯನ್ನು ನೀವು ಮಾಡಬೇಕಾಗಿಲ್ಲ. ನಿಮ್ಮೆಲ್ಲರ ಪರವಾಗಿ ಸರ್ವೋತ್ತಮ ಶೆಟ್ಟರು ಅದನ್ನು ಮಾಡಿ ಮುಗಿಸಿದ್ದಾರೆ.

ಕಾರು ಶನಿವಾರ ಸಂಜೆ ಬಂತು. ಭಾನುವಾರ ಬೇಬಿಯವರು ಶಿರ್ವ, ಬೆಳ್ಮಣ್ ದಾಟಿ ಒಂದು ಗಂಟೆ ಹತ್ತು ನಿಮಿಷದಲ್ಲಿ ಕಾರ್ಕಳ ಮುಟ್ಟಿದರು. ತಾರಾನಾಥರೇ ಗೇಟು ತೆರೆದು, ಕಾರನ್ನು ಫೋಟೋದಲ್ಲಿ ಬರುವ ಹಾಗೆ ಒಳಗೆ ನಿಲ್ಲಿಸಲು ಹೇಳಿದರು. ಊಟ ಇನ್ನೂ ಬಡಿಸಿರಲಿಲ್ಲ.